ಕಾನು ಕಾಯ್ದವರು ಯಾರು?

ಮಲೆನಾಡಿನ ಹಳ್ಳಿಗರ ಮಾತಿನಲ್ಲಿ ಕಾಡು ಬೇರೆ, ಕಾನು ಬೇರೆ. ತೋಟಕ್ಕೆ ಸೊಪ್ಪು ತರುವ ಜಾಗ ಸೊಪ್ಪಿನ ಬೆಟ್ಟ. ದನ ಮೇಯುವ ಹುಲ್ಲುಗಾವಲು ಬೇಣ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುವ ಮರಗಳಿದ್ದರೆ ಅದು ಬರಿಯ ಕಾಡು. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲೂ ಹಸಿರು ಬಿಡದೆ, ಹಗಲಿನಲ್ಲೇ ಮಬ್ಬುಗತ್ತಲೆ ಕವಿದುಕೊಂಡು, ಕಾಲಿಟ್ಟರೆ ತಂಪು ಹತ್ತುವ ದಟ್ಟ ವನಕ್ಕೆ ಮಾತ್ರ ಕಾನು ಎಂಬ ಹೆಸರು. ಕತ್ತಲೆಕಾನು, ಕರಿಕಾನು ಎಂಬ ಸ್ಥಳನಾಮಗಳೇ ಅದರ ಗುಣವನ್ನು ಹೇಳುತ್ತವೆ. ಸೊರಬ, ಸಾಗರ, ತೀರ್ಥಹಳ್ಳಿ, ಶಿರಸಿ, ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳಲ್ಲಿ ಇಂಥ ಕಾನುಗಳು ಒಂದು ಕಾಲದಲ್ಲಿ ಊರೂರಿಗೂ ಇದ್ದವು. ಕೆಲವು ಈಗಲೂ ಇವೆ. ಇನ್ನು ಕೆಲವು ಊರಿನ ಹೆಸರಿನಲ್ಲಿ ಮಾತ್ರ ಉಳಿದಿವೆ.

ಮಳೆಕಾಡು ಎಂದೊಡನೆ ಪಠ್ಯಪುಸ್ತಕ ಓದಿದವರಿಗೆ ಅಮೆಜಾನ್, ಕಾಂಗೋ, ಬೋರ್ನಿಯೊ ನೆನಪಾಗುತ್ತವೆ. ಮನುಷ್ಯ ಕಾಲಿಡದ ಕಡೆ ಮಾತ್ರ ಅಂಥ ಕಾಡು ಉಳಿಯುತ್ತದೆ, ಆತ ಕಾಲಿಟ್ಟ ದಿನದಿಂದಲೇ ಅದರ ಅವನತಿ ಆರಂಭ ಎಂಬ ನಂಬಿಕೆಯೂ ಜೊತೆಗೇ ಇದೆ. ಮಲೆನಾಡಿನ ಕಾನುಗಳ ಚರಿತ್ರೆ ಈ ನಂಬಿಕೆಯನ್ನು ಪ್ರಶ್ನಿಸುತ್ತದೆ. ಇಲ್ಲಿನ ನಿತ್ಯಹರಿದ್ವರ್ಣ ಕಾಡು ಶತಮಾನಗಳ ಕಾಲ ಊರಿನ ಮಗ್ಗುಲಲ್ಲೇ, ಗದ್ದೆ ತೋಟಗಳ ನೆತ್ತಿಯ ಮೇಲೆಯೇ ಬದುಕಿತ್ತು. ಅದು ಕರಗತೊಡಗಿದ್ದು ಊರಿಗೂ ಕಾನಿಗೂ ಇದ್ದ ಸಂಬಂಧ ಕಡಿದುಹೋದ ಮೇಲೆ.

ನೆರಳಿನಲ್ಲಿ ನಡೆಯುವ ಸಂಸಾರ

ಕಾನಿನ ಕಥೆ ತಿಳಿಯಬೇಕಾದರೆ ಅದರ ಒಳಗಿನ ವ್ಯವಸ್ಥೆಯನ್ನು ಮೊದಲು ನೋಡಬೇಕು. ಕಾನಿನ ಮರಗಳು ಅಂತಸ್ತು ಅಂತಸ್ತಾಗಿ ನಿಂತಿರುತ್ತವೆ. ಮೂವತ್ತು ಮೀಟರಿಗೂ ಎತ್ತರಕ್ಕೆ ಏರುವ ಧೂಪ, ಹೆಬ್ಬಲಸು, ಕಾಡುಮಾವು ಮೊದಲಾದವು ಮೇಲಿನ ಚಪ್ಪರ. ಅದರಡಿಯಲ್ಲಿ ಹೈಗ, ಉಪ್ಪಾಗೆ, ಮುರುಗಲು, ರಾಮಪತ್ರೆ, ದಾಲ್ಚಿನ್ನಿ, ಬೈನೆ. ಇನ್ನೂ ಕೆಳಗೆ ಬೆತ್ತ, ಬಳ್ಳಿ, ಸಣ್ಣ ಗಿಡಗಳು. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ.

ಇಷ್ಟು ಸಮೃದ್ಧವಾದ ಕಾಡನ್ನು ಹೊತ್ತ ಮಣ್ಣು ಬಹಳ ಫಲವತ್ತಾಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಸ್ತವ ಹಾಗಿಲ್ಲ. ಧಾರಾಕಾರ ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತಲೇ ಇರುತ್ತದೆ. ಮಳೆಕಾಡಿನ ಸಂಪತ್ತಿನ ಬಹುಪಾಲು ಇರುವುದು ಮರಗಳ ಮೈಯಲ್ಲಿ ಹಾಗೂ ನೆಲದ ಮೇಲಿನ ತೆಳುವಾದ ದರಗಿನ ಪದರದಲ್ಲಿ. ಉದುರಿದ ಎಲೆಯನ್ನು ಗೆದ್ದಲು, ಶಿಲೀಂಧ್ರ, ಹುಳುಹುಪ್ಪಟೆಗಳು ಬೇಗನೆ ಕರಗಿಸುತ್ತವೆ. ಅದು ಕೊಚ್ಚಿಹೋಗುವ ಮೊದಲೇ ಮೇಲುಮಣ್ಣಿನಲ್ಲಿ ಬಲೆಯಂತೆ ಹರಡಿರುವ ಬೇರುಗಳು, ಬೇರಿಗಂಟಿದ ಶಿಲೀಂಧ್ರಗಳ ನೆರವಿನಿಂದ, ಹೀರಿಕೊಂಡು ಮತ್ತೆ ಮರಕ್ಕೆ ಸೇರಿಸುತ್ತವೆ. ಬಂಡವಾಳವೆಲ್ಲ ವಹಿವಾಟಿನಲ್ಲೇ ಇದ್ದು ಪೆಟ್ಟಿಗೆಯಲ್ಲಿ ಏನೂ ಇಲ್ಲದ ವ್ಯಾಪಾರದಂತೆ ಇದು. ಮರ ಕಡಿದು ಸಾಗಿಸಿದರೆ ಬಂಡವಾಳವೇ ಹೊರಟುಹೋಗುತ್ತದೆ.

ಆಗ ಉಳಿಯುವುದು ಜಂಬಿಟ್ಟಿಗೆ ನೆಲ. ನೆರಳಿನಲ್ಲಿ ತೇವವಾಗಿ ಮೆತ್ತಗಿರುವ ಈ ಮಣ್ಣು ಬಿಸಿಲು ಗಾಳಿಗೆ ಒಡ್ಡಿಕೊಂಡರೆ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ಕರಾವಳಿಯ ಮನೆಗಳ ಗೋಡೆಗೆ ಬಳಸುವ ಕೆಂಪು ಕಲ್ಲು ಇದೇ. ಭೂವಿಜ್ಞಾನಿಗಳು ಇದನ್ನು ಲ್ಯಾಟರೈಟ್ ಎನ್ನುತ್ತಾರೆ. ಆ ಹೆಸರನ್ನು ಕೊಟ್ಟ ಫ್ರಾನ್ಸಿಸ್ ಬುಕಾನನ್ ಕಾನುಗಳ ಚರಿತ್ರೆಗೂ ಮುಖ್ಯ ಸಾಕ್ಷಿ. ಆತನ ವಿಷಯ ಮುಂದೆ ಬರುತ್ತದೆ.

ಕಾನಿನ ಬೀಜಗಳದೂ ಇಂಥದೇ ಸ್ವಭಾವ. ರಾಗಿ, ಭತ್ತದ ಬೀಜವನ್ನು ಒಣಗಿಸಿ ಕಣಜದಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ. ತೇಗದಂಥ ಎಲೆ ಉದುರುವ ಮರಗಳ ಬೀಜಗಳೂ ಒಣಗಿ ಕಾಯಬಲ್ಲವು. ಧೂಪ, ಹೈಗ, ರಾಮಪತ್ರೆಗಳ ಬೀಜಗಳು ದಪ್ಪ, ಹಸಿ. ಒಣಗಿದರೆ ಸತ್ತವು. ಬಿದ್ದ ಕೆಲವು ವಾರಗಳಲ್ಲೇ ನೆರಳು ತೇವಗಳಿರುವ ಜಾಗದಲ್ಲಿ ಮೊಳೆಯಬೇಕು. ಮೊಳೆತ ಸಸಿ ಎಷ್ಟೋ ವರ್ಷ ಮೊಣಕಾಲೆತ್ತರದಲ್ಲೇ ಕಾಯುತ್ತ ನಿಂತು, ಹಳೆಯ ಮರವೊಂದು ಬಿದ್ದು ಆಕಾಶ ತೆರೆದಾಗ ಮೇಲೇಳುತ್ತದೆ. ಕಾನಿನ ಮುಂದಿನ ತಲೆಮಾರು ಮಣ್ಣಿನೊಳಗೆ ಬೀಜವಾಗಿ ಮಲಗಿರುವುದಿಲ್ಲ, ತಾಯಿಮರದ ನೆರಳಿನಲ್ಲಿ ಸಸಿಯಾಗಿ ನಿಂತಿರುತ್ತದೆ. ಆದ್ದರಿಂದಲೇ ನೆರಳು ಹೋದರೆ ತಾಯಿಯೂ ಮಕ್ಕಳೂ ಒಟ್ಟಿಗೆ ಹೋಗುತ್ತವೆ. ಆ ಜಾಗಕ್ಕೆ ಲಂಟಾನ, ಯುಪಟೋರಿಯಂ ನುಗ್ಗುತ್ತವೆ. ಬೇಸಿಗೆಯಲ್ಲಿ ಅವು ಒಣಗಿ ಬೆಂಕಿಗೆ ದಾರಿ ಮಾಡಿಕೊಡುತ್ತವೆ.

ಬೀಜ ದೂರ ಹೋಗಬೇಕಾದರೆ ಪ್ರಾಣಿಪಕ್ಷಿಗಳು ಬೇಕು. ರಾಮಪತ್ರೆಯ ಕಾಯಿ ಬಿರಿದಾಗ ಬೀಜದ ಸುತ್ತ ಕೆಂಪಗೆ ಕಾಣುವ ಪತ್ರೆ ಮಂಗಟ್ಟೆ ಹಕ್ಕಿಗೆ ಪ್ರಿಯ. ಅಷ್ಟು ದೊಡ್ಡ ಬೀಜವನ್ನು ನುಂಗುವ ಗಂಟಲು ಬೇರೆ ಹೆಚ್ಚು ಹಕ್ಕಿಗಳಿಗಿಲ್ಲ. ಪತ್ರೆಯನ್ನು ಜೀರ್ಣಿಸಿಕೊಂಡು ಬೀಜವನ್ನು ಅದು ಬೇರೆಡೆ ಕಕ್ಕುತ್ತದೆ. ಇದೇ ಮಂಗಟ್ಟೆಗೆ ಮೊಟ್ಟೆಯಿಡಲು ಮುದಿಮರದ ಪೊಟರೆ ಬೇಕು. ಹೆಣ್ಣು ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಂಡು ಕೂತರೆ, ಗಂಡು ಸಣ್ಣ ಸೀಳಿನ ಮೂಲಕ ವಾರಗಟ್ಟಲೆ ಹಣ್ಣು ಉಣಿಸುತ್ತದೆ. ಮುದಿಮರವಿಲ್ಲದಿದ್ದರೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದಿದ್ದರೆ ಎಳೆಮರವಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಅಮೆಜಾನಿನ ಬಹುಭಾಗದಲ್ಲಿ ವರ್ಷದ ಹೆಚ್ಚಿನ ತಿಂಗಳು ಮಳೆ. ಮಲೆನಾಡಿನಲ್ಲಿ ನಾಲ್ಕೈದು ತಿಂಗಳು ಹೊಯ್ದು ಬಾಕಿ ತಿಂಗಳು ಬಹುತೇಕ ಒಣ ಹವೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ ಸೊರಬದ ಕಡೆ ಅದರ ಕಾಲುಭಾಗದಷ್ಟು ಮಾತ್ರ. ಅಂಥಲ್ಲಿ ನಿತ್ಯಹರಿದ್ವರ್ಣ ಕಾಡು ನಿಂತಿರುವುದು ಮಳೆಗಾಲದ ನೀರನ್ನು ಬೇಸಿಗೆಯವರೆಗೆ ಮಣ್ಣಿನಲ್ಲಿ ಹಿಡಿದಿಟ್ಟುಕೊಳ್ಳುವ ತನ್ನದೇ ಶಕ್ತಿಯಿಂದ. ದರಗಿನ ಹಾಸು ಮತ್ತು ಬೇರುಗಳು ಸಡಿಲಗೊಳಿಸಿದ ಮಣ್ಣು ಸ್ಪಂಜಿನಂತೆ ನೀರು ಕುಡಿಯುತ್ತವೆ. ಆ ನೀರು ಒಸರಾಗಿ, ಅಬ್ಬಿಯಾಗಿ, ಹಳ್ಳವಾಗಿ ನಿಧಾನವಾಗಿ ಕೆಳಗಿಳಿಯುತ್ತದೆ. ಕಾನಿನ ಬುಡದಲ್ಲೇ ಅಡಿಕೆ ತೋಟಗಳಿರುವುದು ಆಕಸ್ಮಿಕವಲ್ಲ.

ದೇವರ ಹೆಸರು, ಮೆಣಸಿನ ಬಳ್ಳಿ

ಸಹ್ಯಾದ್ರಿಯ ಕಾಡು ತುಂಡುತುಂಡಾದದ್ದು ಇತ್ತೀಚೆಗಲ್ಲ. ಕಾರವಾರದ ಆಚೆ ಸಮುದ್ರದ ತಳದಿಂದ ತೆಗೆದ ಕೆಸರಿನಲ್ಲಿ ಹುದುಗಿರುವ ಪರಾಗ ಕಣಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 1994ರಲ್ಲಿ ಒಂದು ವರದಿ ಪ್ರಕಟಿಸಿದರು. ಸುಮಾರು 3500 ವರ್ಷಗಳ ಹಿಂದಿನಿಂದ ಇಲ್ಲಿ ಹವೆ ಒಣಗುತ್ತ ಬಂದು, ನಿತ್ಯಹರಿದ್ವರ್ಣ ಕಾಡು ಹಿಂಜರಿದು ಹುಲ್ಲುಗಾವಲು ಹೆಚ್ಚಿತೆಂದು ಆ ಪರಾಗಗಳು ಸೂಚಿಸುತ್ತವೆ. ಕಾಡು ಕಡಿದು ಸುಟ್ಟು ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ವರ್ಷಗಳಲ್ಲಿ ಬೇರೆ ಗುಡ್ಡಕ್ಕೆ ಹೋಗುವ ಕುಮರಿ ಬೇಸಾಯವೂ ಇದರಲ್ಲಿ ಪಾಲುಗೊಂಡಿರಬಹುದೆಂಬುದು ಕೆಲವರ ಅಭಿಪ್ರಾಯ. ಕುಮರಿಯ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಓಡಾಡಿದ ಆ ದೀರ್ಘ ಕಾಲದಲ್ಲಿ ಕೆಲವು ವನಗಳನ್ನು ಮಾತ್ರ ಜನ ಮುಟ್ಟದೆ ಬಿಟ್ಟರು. ಕಾನುಗಳೆಂದರೆ ಹಾಗೆ ಬಿಟ್ಟುಕೊಂಡ ವನಗಳು.

ಬಿಟ್ಟದ್ದೇಕೆ? ಎರಡು ಕಾರಣಗಳನ್ನು ಗುರುತಿಸಬಹುದು: ಒಂದು ದೇವರು, ಇನ್ನೊಂದು ಮೆಣಸು.

ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ತಿಳಿದುಬರಲು ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿತು. 1800 ಮತ್ತು 1801ರಲ್ಲಿ ಆತ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿ ಬರೆದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಉತ್ತರ ಕನ್ನಡದಲ್ಲಿ ಆತ ಕಂಡುಕೊಂಡ ಸಂಗತಿ ಕುತೂಹಲಕರ. ಅಲ್ಲಿನ ಕಾಡು ಊರದೇವರ ಸ್ವತ್ತು. ಮರ ಕಡಿಯಬೇಕಾದವರು ಊರಗೌಡನ ಅಪ್ಪಣೆ ಕೇಳಬೇಕು. ವಂಶಪಾರಂಪರ್ಯವಾಗಿ ಬಂದ ಆ ಗೌಡನೇ ದೇವರ ಪೂಜಾರಿಯೂ ಹೌದು. ಅಪ್ಪಣೆಗೆ ಹಣ ತೆರಬೇಕಿಲ್ಲ, ಆದರೆ ಕೇಳದೆ ಕಡಿದವನನ್ನು ದೇವರು ಸುಮ್ಮನೆ ಬಿಡುವುದಿಲ್ಲ. ಇದನ್ನೆಲ್ಲ ಬರೆದುಕೊಂಡ ಬುಕಾನನ್ ತನ್ನ ಸಂಶಯವನ್ನೂ ಸೇರಿಸಿದ. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಊರವರು ಹೂಡಿದ ಉಪಾಯವಿದು ಎಂಬುದು ಆತನ ಲೆಕ್ಕ.

ಆ ಸಂಶಯದಲ್ಲಿ ಮುಂದಿನ ನೂರು ವರ್ಷಗಳ ಕಥೆ ಅಡಗಿದೆ. ಊರವರ ಪಾಲಿಗೆ ಹುಲಿದೇವರು, ಚೌಡಮ್ಮ, ಜಟ್ಟಿಗ, ನಾಗರ ಬನಗಳು ಭಯಭಕ್ತಿಯ ತಾಣಗಳು. ಕಂಪನಿಯ ಅಧಿಕಾರಿಗೆ ಅವು ಒಡೆತನದ ತಗಾದೆ. ಆದರೆ ಬುಕಾನನ್ ಹೇಳಿದ್ದರಲ್ಲಿ ಒಂದು ಸತ್ಯಾಂಶವೂ ಇದೆ. ದೇವರ ಹೆಸರು ಒಂದು ಕಟ್ಟಳೆಯಾಗಿತ್ತು. ಒಬ್ಬನ ದುರಾಸೆಗೆ ಇಡೀ ಊರಿನ ನೀರು ಬಲಿಯಾಗದಂತೆ ತಡೆಯುವ ಕೆಲಸವನ್ನು ಅದು ಮಾಡುತ್ತಿತ್ತು. ಹೊನ್ನಾವರದ ಹತ್ತಿರ ಬೆಟ್ಟದ ಮೇಲಿನ ಕರಿಕಾನಮ್ಮನ ಸುತ್ತ ಅಪರೂಪದ ಎಣ್ಣೆಮರಗಳ ವನ ಉಳಿದುಬಂದಿರುವುದು ಇದಕ್ಕೆ ಒಳ್ಳೆಯ ಉದಾಹರಣೆ. ತೆಂಕಣ ಘಟ್ಟಗಳ ದಟ್ಟ ಮಳೆಕಾಡಿನ ಈ ಮರ ಉತ್ತರ ಕನ್ನಡದಲ್ಲಿ ಕೆಲವೇ ಕಡೆ ಸಿಗುತ್ತದೆ.

ಎರಡನೆಯ ಕಾರಣ ಮೆಣಸು. ಕಾಳುಮೆಣಸಿನ ಬಳ್ಳಿಯ ತವರೇ ಸಹ್ಯಾದ್ರಿಯ ಮಳೆಕಾಡು. ಊರವರು ಕಾನಿನ ಮರಗಳಿಗೆ ಬಳ್ಳಿ ಹಬ್ಬಿಸಿ, ಅಗತ್ಯವಿದ್ದಷ್ಟು ನೆರಳು ಬಿಡಿಸಿ, ಬುಡ ಸವರಿ ಫಸಲು ತೆಗೆಯುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಶರಾವತಿ ದಂಡೆಯ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ ಎಂದು ಕರೆದರು. ಯುರೋಪಿನ ಹಡಗುಗಳನ್ನು ಈ ಕರಾವಳಿಗೆ ಎಳೆದು ತಂದದ್ದು ಈ ಕಾಳು. ಮರ ಕಡಿದರೆ ಒಂದು ಸಲ ದುಡ್ಡು, ಮರ ನಿಂತರೆ ವರ್ಷವರ್ಷವೂ ಮೆಣಸು. ಇದರ ಜೊತೆಗೆ ಬೈನೆಯ ಹಿಟ್ಟು ಮತ್ತು ಸೇಂದಿ, ಉಪ್ಪಾಗೆಯ ತುಪ್ಪ, ಮುರುಗಲು, ಅಪ್ಪೆಮಿಡಿ, ದಾಲ್ಚಿನ್ನಿ, ಜೇನು, ಧೂಪ, ಬೆತ್ತಗಳೂ ಕಾನಿನಿಂದ ಬರುತ್ತಿದ್ದವು.

ಹಳಬರೆಲ್ಲ ಹುಟ್ಟಾ ಪರಿಸರಪ್ರೇಮಿಗಳಾಗಿದ್ದರು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಅದೇ ಊರಿನ ಗುಡ್ಡಗಳು ಕುಮರಿಗೆ ಸುಟ್ಟಿದ್ದವು. ಎಷ್ಟೋ ಜೌಗು ಕಾನುಗಳು ಅಡಿಕೆ ತೋಟ, ಭತ್ತದ ಗದ್ದೆಗಳಾದವು. ಕಾನಿನ ಫಲ ಊರಿನ ಎಲ್ಲರಿಗೂ ಸಮನಾಗಿ ಸಿಗುತ್ತಿತ್ತೆಂದೂ ಹೇಳಲಾಗದು. ಆದರೆ ಇಷ್ಟು ನಿಜ: ಯಾವ ಜಾಗವನ್ನು ಸುಡಬಹುದು, ಯಾವುದನ್ನು ಸವರಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿಂಗಡಣೆ ಊರಿನಲ್ಲಿತ್ತು. ಗದ್ದೆ, ತೋಟ, ಬೆಟ್ಟ, ಬೇಣ, ಕಾನು ಎಂಬ ಐದು ಮಾತುಗಳಲ್ಲಿ ಆ ವಿಂಗಡಣೆ ಅಡಗಿತ್ತು.

ಕಡತ ಸೇರಿದ ಕಾನು

ಬ್ರಿಟಿಷರ ಅರಣ್ಯ ಆಡಳಿತಕ್ಕೆ ಬೇಕಾದದ್ದು ತೇಗ. ಹಡಗಿಗೆ, ಸೇತುವೆಗೆ, ರೈಲಿಗೆ ತೇಗ ಒದಗಿತು. ತೇಗ ಬೆಳೆಯುವುದು ಎಲೆ ಉದುರುವ ಕಾಡಿನಲ್ಲಿ. ಕಾನಿನ ನೂರಾರು ಜಾತಿಯ ಮರಗಳಲ್ಲಿ ಹೆಚ್ಚಿನವು ಮೆದು ಮರಗಳು, ಹುಳ ಹಿಡಿಯುವಂಥವು. ಆದ್ದರಿಂದ ಮೊದಮೊದಲು ಕಾನುಗಳು ಅವರ ಕಣ್ಣಿಗೆ ಬೀಳಲಿಲ್ಲ.

ಕಣ್ಣಿಗೆ ಬಿದ್ದಾಗ ಒಳ್ಳೆಯ ದಾಖಲೆಗಳೇ ಹುಟ್ಟಿದವು. ಭಾರತದ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕನಾಗಿದ್ದ ಜರ್ಮನ್ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಯ ಜೊತೆಗೂಡಿ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಮೇಲೆ ವರದಿ ಕೊಟ್ಟ. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಅದೊಂದೇ ತಾಲ್ಲೂಕಿನಲ್ಲಿ 171 ಕಾನುಗಳು, ಒಟ್ಟು 32 ಸಾವಿರ ಎಕರೆಗೂ ಮಿಕ್ಕಿದ ವಿಸ್ತೀರ್ಣ. ಇದು ಘಟ್ಟದ ನೆತ್ತಿಯ ತಾಲ್ಲೂಕೂ ಅಲ್ಲ, ಬಯಲುಸೀಮೆಯತ್ತ ಇಳಿಯುವ ಅರೆಮಲೆನಾಡು. ಅಲ್ಲಿ ಕೂಡ ಸರಾಸರಿ 190 ಎಕರೆಯ ಒಂದೊಂದು ಮಳೆಕಾಡು ಹಳ್ಳಿಗಳ ನಡುವೆ ದ್ವೀಪದಂತೆ ನಿಂತಿತ್ತೆಂದು ಇದರಿಂದ ತಿಳಿಯುತ್ತದೆ.

ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆಯ ನಂತರ ಕಾಡುಗಳನ್ನು ಅಳೆದು, ಗಡಿ ಕಲ್ಲು ನೆಟ್ಟು, ಮೀಸಲು ಎಂದು ಸಾರುವ ಕೆಲಸ ಭರದಿಂದ ಸಾಗಿತು. ಅಲ್ಲಿ ಅರಣ್ಯ ಸೆಟ್ಲಮೆಂಟ್ ಅಧಿಕಾರಿಯಾಗಿದ್ದ ವಿಂಗೇಟ್ 1888ರಲ್ಲಿ ಕಾನುಗಳ ಬಗ್ಗೆ ಬರೆದದ್ದು ಇಂದಿನ ಪರಿಸರ ವಿಜ್ಞಾನಿಯ ಮಾತಿನಂತಿದೆ. ಕಾನುಗಳಿಂದ ಊಟೆಗಳು ಮತ್ತು ಬತ್ತದ ತೊರೆಗಳು ಉಳಿಯುತ್ತವೆ, ಕಾನು ಇದ್ದಲ್ಲಿ ಸಮೀಪದಲ್ಲೇ ಬೆಲೆಬಾಳುವ ಸಂಬಾರ ತೋಟಗಳಿರುತ್ತವೆ, ತೋಟಕ್ಕೆ ನೆರಳೂ ತೇವವೂ ಅಲ್ಲಿಂದಲೇ ಒದಗುತ್ತವೆ ಎಂಬುದು ಅದರ ಸಾರಾಂಶ.

ಹಾಗಾದರೆ ತಪ್ಪಿದ್ದೆಲ್ಲಿ? ಕಾನಿನ ಮಹತ್ವ ಸರ್ಕಾರಕ್ಕೆ ತಿಳಿದಿತ್ತು, ಕಾನನ್ನು ನೋಡಿಕೊಳ್ಳುತ್ತಿದ್ದವರ ಮಹತ್ವ ತಿಳಿಯಲಿಲ್ಲ. ಮೀಸಲು ಅರಣ್ಯದಲ್ಲಿ ಸೇರಿದ ಕಾನಿಗೆ ಊರವರು ಅತಿಕ್ರಮಣಕಾರರಾದರು. ಕೊಂಬೆ ಸವರುವುದು, ಬುಡ ಬಿಡಿಸುವುದು ಅಪರಾಧವಾಯಿತು. ಆರೈಕೆ ತಪ್ಪಿದ ಮೆಣಸಿನ ಬಳ್ಳಿ ಸೊರಗಿತು. ಮೆಣಸು ಕಾನಿನಿಂದ ಇಳಿದು ತೋಟದ ಅಡಿಕೆ ಮರಕ್ಕೆ ಹಬ್ಬಿತು. ಸೊಪ್ಪಿಗೆ ಬೆಟ್ಟ, ಮೆಣಸಿಗೆ ತೋಟ ಎಂದಾದ ಮೇಲೆ ಕಾನಿನಿಂದ ಊರಿಗೆ ಕಣ್ಣಿಗೆ ಕಾಣುವ ಲಾಭ ಉಳಿಯಲಿಲ್ಲ. ಕಾಡಿನ ಕಟ್ಟುಪಾಡುಗಳ ಮೇಲಿದ್ದ ಸಿಟ್ಟು 1930ರ ಅರಣ್ಯ ಸತ್ಯಾಗ್ರಹದಲ್ಲಿ ಹೊರಬಂತು.

ಈ ಬೆಳವಣಿಗೆಯನ್ನು ಸ್ಪಷ್ಟವಾಗಿ ಗುರುತಿಸಿದವರು ಕುಮಟಾದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್. 1993ರಲ್ಲಿ ಅವರು ಕಾನುಗಳನ್ನು ಊರು ತನ್ನ ರಕ್ಷಣೆಗೆ ಇಟ್ಟುಕೊಂಡ ವನಗಳೆಂದು ಬಣ್ಣಿಸಿದರು. ಊರಿನ ಕೈಯಿಂದ ಹಕ್ಕು ಜಾರಿದಂತೆ ಕಾನುಗಳು ಸವೆಯುತ್ತ ಬಂದವೆಂದು ಹಳೆಯ ಕಡತಗಳ ಆಧಾರದಿಂದ ತೋರಿಸಿದರು.

ಸ್ಲೀಪರ್, ಪ್ಲೈವುಡ್, ಅಣೆಕಟ್ಟು

ಇಪ್ಪತ್ತನೆಯ ಶತಮಾನದಲ್ಲಿ ಕಾನಿನ ಮೆದು ಮರಗಳಿಗೂ ಬೆಲೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈಲ್ವೆ ಸ್ಲೀಪರುಗಳಿಗಾಗಿ ನಿತ್ಯಹರಿದ್ವರ್ಣ ಕಾಡಿಗೆ ಕೊಡಲಿ ಬಿತ್ತು. ಸ್ವಾತಂತ್ರ್ಯಾನಂತರ ಪ್ಲೈವುಡ್ ಮತ್ತು ಬೆಂಕಿಕಡ್ಡಿ ಕಾರ್ಖಾನೆಗಳು ಮೆದು ಮರವನ್ನೇ ಬಯಸಿದವು. ದೊಡ್ಡ ಮರಗಳನ್ನು ಮಾತ್ರ ಆಯ್ದು ಕಡಿಯುವುದು, ಉಳಿದ ಕಾಡು ತಾನೇ ಚೇತರಿಸಿಕೊಳ್ಳುವುದು ಎಂಬುದು ಕಾಗದದ ಮೇಲಿನ ಯೋಜನೆ. ಒಂದು ದೊಡ್ಡ ಮರ ಬೀಳುವಾಗ ಸುತ್ತಲಿನ ಹತ್ತಾರು ಮರಗಳನ್ನು ಎಳೆದುಕೊಂಡೇ ಬೀಳುತ್ತದೆ. ದಿಮ್ಮಿ ಎಳೆಯಲು ಲಾರಿ ರಸ್ತೆ ಬೇಕು. ರಸ್ತೆಯಗುಂಟ ಬಿಸಿಲು, ಬಿಸಿಲಿನಗುಂಟ ಕಳೆ ಒಳಹೊಕ್ಕವು.

ಇದರ ಜೊತೆಗೆ ನೀರು ಏರಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕು ಕೊಟ್ಟಿತು. ಅದರ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರು, ಗದ್ದೆ, ತೋಟ, ಕಾನು ಎಲ್ಲವೂ ಮುಳುಗಿದವು. ಮುಳುಗಡೆಯಾದ ಜನರನ್ನು ನೆಲೆಗೊಳಿಸಲು ಬೇರೆಡೆಯ ಕಾಡನ್ನು ಸವರಬೇಕಾಯಿತು.

ಕಾನು ಒಡೆದದ್ದರ ಇನ್ನೊಂದು ಪರಿಣಾಮ ಯಾರೂ ನಿರೀಕ್ಷಿಸದ ರೂಪದಲ್ಲಿ ಬಂತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಬೆನ್ನಲ್ಲೇ ಜನರೂ ಜ್ವರದಿಂದ ಮಲಗಿದರು. ಉಣ್ಣೆಗಳಿಂದ ಹರಡುವ ಹೊಸ ವೈರಸ್ಸೊಂದು ಪತ್ತೆಯಾಯಿತು. ಜಗತ್ತಿನ ವೈದ್ಯಕೀಯ ಗ್ರಂಥಗಳಿಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ಮಲೆನಾಡಿಗೆ ಮಂಗನ ಕಾಯಿಲೆ. ಕಾಡನ್ನು ತುಂಡರಿಸಿ ಗದ್ದೆ ಮಾಡಿದ್ದು, ಕಾಡಂಚಿನ ಪೊದೆಗಳಲ್ಲಿ ದನಗಳನ್ನು ಮೇಯಿಸಿದ್ದು ಉಣ್ಣೆಗಳ ಹೆಚ್ಚಳಕ್ಕೆ ಕಾರಣವಾಯಿತೆಂದು ಇದನ್ನು ಅಧ್ಯಯನ ಮಾಡಿದ ಹಲವು ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ. ವೈರಸ್ ಕಾಡಿನಲ್ಲಿ ಹಿಂದೆಯೂ ಇದ್ದಿರಬಹುದು. ಅದು ಮನೆಯಂಗಳಕ್ಕೆ ಬರಲು ಬೇಕಾದ ಸೇತುವೆಯನ್ನು ಕಟ್ಟಿಕೊಟ್ಟದ್ದು ಒಡೆದ ಕಾಡು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ರೋಗ ಹಲವರನ್ನು ಬಲಿ ತೆಗೆದುಕೊಂಡಿತು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಜನ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೊ ಮಾದರಿಯ ಈ ಅಪ್ಪಿಕೊ ಚಳವಳಿಯ ಫಲವಾಗಿ ಮುಂದಿನ ವರ್ಷಗಳಲ್ಲಿ ನೈಸರ್ಗಿಕ ಕಾಡಿನಲ್ಲಿ ಹಸಿಮರ ಕಡಿಯುವ ನೀತಿಯನ್ನು ಸರ್ಕಾರ ಬಿಡಬೇಕಾಯಿತು. ಅಪ್ಪಿಕೊಂಡವರಲ್ಲಿ ಬಹಳ ಮಂದಿ ಅಡಿಕೆ ತೋಟದವರು ಮತ್ತು ಕೂಲಿಕಾರರು. ತೋಟದ ಹಳ್ಳ ಬೇಸಿಗೆಗೆ ಮುಂಚೆಯೇ ಬತ್ತುವುದನ್ನು ಅವರು ಕಂಡಿದ್ದರು. ಕಾನಿಗೂ ನೀರಿಗೂ ಇರುವ ಸಂಬಂಧ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಕತ್ತಲೆಕಾನು ಹೇಳುವುದೇನು?

ಹೊನ್ನಾವರದಿಂದ ಜೋಗದತ್ತ ಘಟ್ಟ ಹತ್ತುವ ಹೆದ್ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನು ಇದೆ. ಬಸ್ಸಿನಲ್ಲಿ ಕೂತವರಿಗೆ ಒಂದೆರಡು ನಿಮಿಷ ತಂಪು ಗಾಳಿ ಬೀಸಿದಂತಾಗಿ ಮುಗಿಯುವ ಈ ವನದೊಳಗೆ ಜಗತ್ತಿನ ಅಪರೂಪದ ಜೌಗು ಕಾಡುಗಳಲ್ಲೊಂದಿದೆ. ನಿಧಾನವಾಗಿ ಹರಿಯುವ ತೊರೆಯ ಕೆಸರಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳು ನಿಂತಿವೆ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಉಸಿರಾಡಿ ಮತ್ತೆ ಕೆಳಗಿಳಿಯುತ್ತವೆ. ಇಂಥ ಜೌಗುಗಳು ವಿಜ್ಞಾನದ ಗಮನಕ್ಕೆ ಬಂದದ್ದೇ 1960ರಲ್ಲಿ, ದೂರದ ತಿರುವಾಂಕೂರು ಭಾಗದಲ್ಲಿ. ಉತ್ತರ ಕನ್ನಡದ ಜೌಗುಗಳ ಅಧ್ಯಯನ ಆರಂಭವಾದದ್ದು ಅದಕ್ಕಿಂತ ಬಹಳ ತಡವಾಗಿ.

2000ದಲ್ಲಿ ಈ ಜೌಗಿನಿಂದ ಗೇರಿನ ಬಳಗದ ಹೊಸ ಮರವೊಂದನ್ನು ವರ್ಣಿಸಿದಾಗ ಅದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಊರಿನ ಹೆಸರನ್ನೇ ಇಟ್ಟರು. ಅಳಿವಿನಂಚಿನ ಮರಗಳ ಪಟ್ಟಿಯಲ್ಲಿ ಅದೂ ಸೇರಿದೆ. 2014ರಲ್ಲಿ ಇಲ್ಲಿಂದಲೇ ಒಂದು ಇರುಳುಗಪ್ಪೆ ಬೆಳಕಿಗೆ ಬಂತು. ಹೆಣ್ಣು ಇಟ್ಟ ಮೊಟ್ಟೆಗಳಿಗೆ ಗಂಡುಕಪ್ಪೆ ತೊರೆಯ ಕೆಸರನ್ನು ಮುಂಗೈಯಿಂದ ಎತ್ತಿ ಮೆತ್ತುತ್ತದೆ. ಅದಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ‘ಕುಂಬಾರ’. ಸಿಂಗಳೀಕಗಳ ದೊಡ್ಡ ಸಂತತಿಯೊಂದು ಇದೇ ಸುತ್ತಿನ ಕಾಡಿನಲ್ಲಿದೆ. ಅವುಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನೂ ಶರಾವತಿ ಕಣಿವೆಯನ್ನೂ ಕೂಡಿಸಿ ಸಿಂಗಳೀಕ ಅಭಯಾರಣ್ಯ ರೂಪುಗೊಂಡಿತು.

ಎರಡು ಶತಮಾನಗಳ ಕಾಲ ಅಳೆದ, ಕಡತಕ್ಕೇರಿದ ಕಾಡಿನಲ್ಲಿ ಹೊಸ ಮರ, ಹೊಸ ಕಪ್ಪೆ ಸಿಗುತ್ತವೆಂದರೆ ಲೆಕ್ಕಕ್ಕೆ ಸಿಗದೆ ಅಳಿದದ್ದೆಷ್ಟು ಎಂಬ ಪ್ರಶ್ನೆ ಏಳದಿರದು. ಕಳೆದ ಕಾನನ್ನು ಮತ್ತೆ ನೆಡಬಹುದೇ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ. ಬೋಳು ಗುಡ್ಡದಲ್ಲಿ ಅಕೇಶಿಯಾ ನೆಟ್ಟರೆ ಕೆಲವೇ ವರ್ಷಗಳಲ್ಲಿ ಹಸಿರಾಗುತ್ತದೆ. ದೂರದಿಂದ ಅದೂ ಕಾಡಿನಂತೆ ಕಾಣುತ್ತದೆ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿ ಕಣಿವೆಯ ಹಳ್ಳಗಳನ್ನು ಗಮನಿಸಿದಾಗ ವ್ಯತ್ಯಾಸ ಎದ್ದು ಕಂಡಿತು. ಸಹಜ ಕಾಡು ದಟ್ಟವಾಗಿರುವ ಜಲಾ‌ನಯನದ ಹಳ್ಳಗಳು ವರ್ಷವಿಡೀ ಹರಿದವು. ನೆಡುತೋಪು ಮತ್ತು ಬೋಳುನೆಲ ಹೆಚ್ಚಿರುವ ಕಡೆಯ ಹಳ್ಳಗಳು ಮಳೆ ನಿಂತ ಕೆಲವು ತಿಂಗಳಿಗೇ ಬತ್ತಿದವು.

ಹಾಗೆಂದು ಉಳಿದ ಕಾನುಗಳಿಗೆ ಬೇಲಿ ಕಟ್ಟಿ ಜನರನ್ನು ಹೊರಗಿಟ್ಟರೆ ಸಾಕೇ? 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಗೆಂದು ಉಪ್ಪಾಗೆ ಸಿಪ್ಪೆಗೆ ವಿದೇಶಗಳಿಂದ ಬೇಡಿಕೆ ಬಂತು. ಕಾನಿಗೆ ಮತ್ತೆ ಬೆಲೆ ಬಂದಂತಾಯಿತು. ಆದರೆ ಇಂದು ಕೊಯ್ಯದಿದ್ದರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಆತುರದಲ್ಲಿ ಹಣ್ಣಾಗುವ ಮೊದಲೇ ಕಾಯಿ ಕಿತ್ತರು, ಕೊಂಬೆಗಳನ್ನೇ ಕಡಿದು ಕೆಡವಿದರು. ಮೆಣಸಿನ ಕಾಲದಲ್ಲಿ ಲಾಭವೂ ಇತ್ತು, ಕಟ್ಟಳೆಯೂ ಇತ್ತು. ಉಪ್ಪಾಗೆಯ ಕಾಲದಲ್ಲಿ ಲಾಭ ಮಾತ್ರ ಇತ್ತು. ಅರಣ್ಯ ಇಲಾಖೆಯ ಕಾವಲುಗಾರ ಒಬ್ಬ, ಕಾಡು ನೂರಾರು ಎಕರೆ. ಕಾನಿನ ಮೇಲೆ ಸದಾ ಕಣ್ಣಿಡಬಲ್ಲವರು ಅದರ ಬುಡದ ಮನೆಯವರು ಮಾತ್ರ.

ಊರವರನ್ನು ಕಾಡಿನ ಪಾಲುದಾರರನ್ನಾಗಿ ಮಾಡುವ ಮಾತು ಹೊಸದಲ್ಲ. ಗ್ರಾಮ ಅರಣ್ಯ ಸಮಿತಿಗಳು ಬಂದವು, 2002ರ ಜೀವವೈವಿಧ್ಯ ಕಾಯಿದೆ ಬಂತು, 2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯದ ಹಕ್ಕನ್ನು ಒಪ್ಪಿಕೊಂಡಿತು. ಕಾನುಗಳ ಮಟ್ಟಿಗೆ ಇವು ಎಷ್ಟು ಫಲ ಕೊಟ್ಟಾವು ಎಂಬುದು ಒಂದು ಸರಳ ಸಂಗತಿಯನ್ನು ಅವಲಂಬಿಸಿದೆ. ಕಾನು ನಿಂತರೆ ತನಗೆ ಲಾಭ, ಬಿದ್ದರೆ ತನಗೆ ನಷ್ಟ ಎಂಬುದು ಊರಿಗೆ ಕಾಣಬೇಕು. ಕಾಯುವ ಅಧಿಕಾರವೂ ಅದರ ಕೈಯಲ್ಲಿರಬೇಕು. ದೇವರ ಭಯವನ್ನು ಮತ್ತೆ ತರಲಾಗದು. ಆದರೆ ಆ ಭಯದ ಹಿಂದಿದ್ದ ಲೆಕ್ಕಾಚಾರ ಇಂದಿಗೂ ಸುಳ್ಳಾಗಿಲ್ಲ. ಅದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಯುಗಾದಿ ಕಳೆದ ಮೇಲೆ ಕಾನಿನ ಬುಡದ ಹಳ್ಳವನ್ನೂ ಕಾನಿಲ್ಲದ ಗುಡ್ಡದ ಬುಡದ ಹಳ್ಳವನ್ನೂ ಒಮ್ಮೆ ನೋಡಿ ಬಂದರೆ ಸಾಕು.